ಫೈಬರ್ ಪುಟ್ಟಿ ಒಡೆದರೆ: ತೇಪೆ ಹಚ್ಚುವುದೋ, ಬೆಸೆಯುವುದೋ?



ಕೃಷ್ಣಾ ನದಿಯ ದಂಡೆಯ ಊರಿನವರಿಗೆ ಪುಟ್ಟಿ ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಪುಸ್ತಕದಲ್ಲಿ ಇದನ್ನು ಹರಗೋಲು ಅಂತ ಬರೀತಾರೆ. ಮಕ್ತಲ್ ಕಡೆಯ ಪಂಚದೇವಪಹಾಡದಿಂದ ನದಿ ನಡುವಿನ ಕುರುವಾಪುರಕ್ಕೆ ಹೋಗುವ ಭಕ್ತರು, ಆಚೆ ದಂಡೆಯ ರಾಯಚೂರು ಕಡೆಯವರು, ಗದ್ವಾಲ ಹತ್ತಿರದ ಜುರಾಲಾ ಜಲಾಶಯದಲ್ಲಿ ಬಲೆ ಬೀಸುವ ಮೀನುಗಾರರು, ಎಲ್ಲರಿಗೂ ಇದು ಬೇಕು. ಮೊದಲು ಬಿದಿರು ಹೆಣೆದು ಅದರ ಮೇಲೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಗೋಣಿ ಅಥವಾ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುವುದು ಬಂತು. ಈಗ ಬಹಳ ಕಡೆ ಫೈಬರ್ ಪುಟ್ಟಿಗಳು ಕಾಣುತ್ತವೆ.

ಬಿದಿರಿನ ಪುಟ್ಟಿ ಸೋರಿದರೆ ಏನು ಮಾಡಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಡಾಂಬರು ಕಾಯಿಸಿ ಬಳಿದರೆ ಮುಗಿಯಿತು. ಫೈಬರ್ ಪುಟ್ಟಿ ಒಡೆದರೆ? ಅಲ್ಲಿ ಡಾಂಬರಿನ ಲೆಕ್ಕ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ, ಸರಿಯಾದ ದುರಸ್ತಿ ಯಾವುದು, ಅದರಲ್ಲಿ ನಿಮ್ಮ ವಿಜ್ಞಾನ ಪಠ್ಯದ ಯಾವ ಯಾವ ಪಾಠಗಳು ಅಡಗಿವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಣ್ಣ ತೂತು, ದೊಡ್ಡ ಲೆಕ್ಕ

“ಇಷ್ಟೇ ಇಷ್ಟು ತೂತು, ಏನಾಗ್ತದೆ?” ಎಂದು ಕೇಳುವವರು ಇರುತ್ತಾರೆ. ಲೆಕ್ಕ ಮಾಡಿಯೇ ನೋಡೋಣ.

ಪುಟ್ಟಿಯ ತಳ ನೀರಿನ ಮಟ್ಟಕ್ಕಿಂತ 20 ಸೆಂ.ಮೀ. ಕೆಳಗಿದೆ, ಅಲ್ಲಿ 1 ಚದರ ಸೆಂ.ಮೀ. ತೂತು ಇದೆ ಎಂದುಕೊಳ್ಳಿ. ಒಳನುಗ್ಗುವ ನೀರಿನ ವೇಗ v = √(2gh). ಅಂದರೆ √(2 × 9.8 × 0.2), ಸುಮಾರು 2 ಮೀ./ಸೆ. ತೂತಿನ ವಿಸ್ತೀರ್ಣದಿಂದ ಗುಣಿಸಿದರೆ ಸೆಕೆಂಡಿಗೆ 0.2 ಲೀಟರ್. ತೂತಿನೊಳಗೆ ಹಾಯುವಾಗ ನೀರಿನ ಧಾರೆ ಕುಗ್ಗುತ್ತದೆ, ಹಾಗಾಗಿ ಇದರಲ್ಲಿ ಸುಮಾರು 60 ಭಾಗವನ್ನೇ ಹಿಡಿಯೋಣ. ಆಗಲೂ ನಿಮಿಷಕ್ಕೆ 7 ಲೀಟರ್ ಆಯಿತು. ಹತ್ತು ನಿಮಿಷಕ್ಕೆ 70 ಲೀಟರ್, ಅಂದರೆ 70 ಕಿಲೋ. ಟಿಕೆಟ್ ಇಲ್ಲದೆ ಇನ್ನೊಬ್ಬ ದೊಡ್ಡ ಮನುಷ್ಯ ಬಂದು ಕೂತ ಹಾಗೆ.

ಈ ಮನುಷ್ಯ ಒಂದು ಕಡೆ ಸುಮ್ಮನೆ ಕೂರುವವನೂ ಅಲ್ಲ. ಪುಟ್ಟಿ ಎಡಕ್ಕೆ ವಾಲಿದರೆ ಒಳಗಿನ ನೀರೂ ಎಡಕ್ಕೇ ಓಡುತ್ತದೆ. ಗುರುತ್ವ ಕೇಂದ್ರ ವಾಲಿದ ಕಡೆಗೇ ಸರಿದು ಪುಟ್ಟಿ ಇನ್ನಷ್ಟು ವಾಲುತ್ತದೆ. ಪುಟ್ಟಿ ಮುಳುಗುವುದಕ್ಕಿಂತ ಮೊದಲು ಮಗುಚುವುದು ಹೀಗೆ. 2020ರ ಆಗಸ್ಟ್‌ನಲ್ಲಿ ತುಂಬಿದ ಕೃಷ್ಣೆಯಲ್ಲಿ ಪಂಚದೇವಪಹಾಡದ ಬಳಿ ಪುಟ್ಟಿ ಮಗುಚಿ ಜೀವಹಾನಿಯಾದದ್ದು ನಮ್ಮ ಭಾಗದವರಿಗೆ ನೆನಪಿದೆ. ಮಗುಚಲು ಕಾರಣ ಹಲವು: ಪ್ರವಾಹ, ಹೆಚ್ಚಿನ ಭಾರ, ಗಾಳಿ, ಸೋರಿಕೆ. ಇವುಗಳಲ್ಲಿ ಸೋರಿಕೆಯೊಂದನ್ನು ದಂಡೆಯ ಮೇಲೆಯೇ ಕಂಡುಹಿಡಿದು ತಪ್ಪಿಸಬಹುದು.

ಫೈಬರ್ ಅಂದರೆ ಏನು?

ನಾವು ‘ಫೈಬರ್’ ಅನ್ನುವ ವಸ್ತು ಒಂದಲ್ಲ, ಎರಡು. ಗಾಜಿನ ಎಳೆ ಒಂದು, ರೆಸಿನ್ ಎಂಬ ಅಂಟು ಇನ್ನೊಂದು. ಇಂಥ ಜೋಡಿ ವಸ್ತುವಿಗೆ ಸಂಯುಕ್ತ ವಸ್ತು ಅಥವಾ ಕಾಂಪೋಸಿಟ್ ಎನ್ನುತ್ತಾರೆ. ಗಾಜಿನ ಎಳೆ ತಲೆಗೂದಲಿಗಿಂತ ಬಹಳ ತೆಳುವು. ಎಳೆದರೆ ಭಾರೀ ಗಟ್ಟಿ, ಆದರೆ ನೀರು ತಡೆಯುವುದಿಲ್ಲ, ಆಕಾರವೂ ನಿಲ್ಲುವುದಿಲ್ಲ. ರೆಸಿನ್ ನೀರು ತಡೆಯುತ್ತದೆ, ಆಕಾರ ಹಿಡಿಯುತ್ತದೆ, ಆದರೆ ಅದೊಂದೇ ಇದ್ದರೆ ಪೆಟ್ಟಿಗೆ ಚೂರಾಗುತ್ತದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇದು ನಮಗೆ ಹೊಸದಲ್ಲ. ಗೋಡೆ ಮಣ್ಣಿಗೆ ಹುಲ್ಲು ಕಲಸುವುದು ಇದೇ ಉಪಾಯ. ಬಿದಿರು ಮತ್ತು ಡಾಂಬರಿನ ಹಳೆಯ ಪುಟ್ಟಿಯೂ ಕಾಂಪೋಸಿಟ್ಟೇ. 1930ರ ದಶಕದಲ್ಲಿ ಅಮೆರಿಕದಲ್ಲಿ ಗಾಜಿನ ಎಳೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ವಿಧಾನ ಬಂತು, 1940ರ ದಶಕದಲ್ಲಿ ಅದರಿಂದ ದೋಣಿಗಳಾದವು. ಇಂದು ನೀರಿನ ಮೇಲೆ ಬೈಕಿನ ಹಾಗೆ ಓಡುವ ಜೆಟ್ ಸ್ಕೀಗಳ ಮೈ, ಮನೆ ಮೇಲಿನ ಕೆಲವು ನೀರಿನ ಟ್ಯಾಂಕು, ಹಸಿರು ಬಣ್ಣದ ನೆರಳಿನ ಶೀಟು, ನಮ್ಮ ಪುಟ್ಟಿ, ಎಲ್ಲಕ್ಕೂ ಇದೇ ಜೋಡಿ.

ಗಾಜಿನ ಎಳೆ ಎರಡು ರೂಪದಲ್ಲಿ ಸಿಗುತ್ತದೆ. ತುಂಡು ಎಳೆಗಳನ್ನು ಅಡ್ಡಾದಿಡ್ಡಿ ಹರಡಿದ್ದು ‘ಮ್ಯಾಟ್’. ಹಾಸು-ಹೊಕ್ಕಾಗಿ ನೇಯ್ದದ್ದು ‘ರೋವಿಂಗ್’ ಬಟ್ಟೆ. ನಾರಾಯಣಪೇಟೆಯ ಮಗ್ಗದ ಮನೆಯ ಮಕ್ಕಳಿಗೆ ಎರಡನೆಯದು ತಕ್ಷಣ ಅರ್ಥವಾಗುತ್ತದೆ: ಎಳೆ ಯಾವ ದಿಕ್ಕಿಗಿದೆಯೋ ಬಲ ಆ ದಿಕ್ಕಿಗೆ.

ದೋಷ ಎಲ್ಲಿಂದ ಬರುತ್ತದೆ?

ಕೆಲವು ದೋಷ ಹುಟ್ಟಿನಿಂದಲೇ ಬರುತ್ತವೆ. ತಯಾರಿಸುವಾಗ ಪದರಗಳ ನಡುವೆ ಗಾಳಿಗುಳ್ಳೆ ಉಳಿಯುವುದು, ಕೆಲವು ಎಳೆಗೆ ರೆಸಿನ್ ತಾಗದೆ ಒಣಗಿಯೇ ಇರುವುದು, ರೆಸಿನ್ ಪೂರ್ತಿ ಗಟ್ಟಿಯಾಗದಿರುವುದು. ಹೊಸದಾಗಿ ಮಿಂಚುವಾಗ ಇವು ಕಾಣುವುದಿಲ್ಲ.

ಕೆಲವು ಬಳಕೆಯಿಂದ ಬರುತ್ತವೆ. ನಮ್ಮ ಭಾಗದಲ್ಲಿ ಕೃಷ್ಣೆ ಹರಿಯುವುದು ಬಂಡೆಗಳ ನಡುವೆ. ಬೇಸಿಗೆಯಲ್ಲಿ ನೀರಿಳಿದಾಗ ಪುಟ್ಟಿ ಬಂಡೆಗೆ ತಾಗುತ್ತದೆ, ದಂಡೆಯ ಕಲ್ಲಿನ ಮೇಲೆ ಎಳೆದಾಗ ತಳ ಸವೆಯುತ್ತದೆ. ಪೆಟ್ಟು ಬಿದ್ದಲ್ಲಿ ಹೊರಗೆ ನಕ್ಷತ್ರದಂತೆ ಸಣ್ಣ ಬಿರುಕು ಕಂಡರೆ, ಒಳಗೆ ಪದರಗಳು ಅಂಗೈ ಅಗಲ ಬಿಟ್ಟುಕೊಂಡಿರಬಹುದು.

ಮೂರನೆಯದು ಗುಳ್ಳೆ. ಒಣದ್ರಾಕ್ಷಿಯನ್ನು ನೀರಿನಲ್ಲಿಟ್ಟರೆ ಉಬ್ಬುವ ಪ್ರಯೋಗ ನೆನಪಿದೆಯೇ? ಅದೇ ಅಭಿಸರಣ ಇಲ್ಲಿಯೂ ನಡೆಯುತ್ತದೆ. ಪುಟ್ಟಿಯ ಹೊರಮೈಯ ಬಣ್ಣದ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ತಿಂಗಳುಗಟ್ಟಲೆ ನೀರಿನಲ್ಲಿದ್ದರೆ ಅದರ ಮೂಲಕ ನೀರು ನಿಧಾನವಾಗಿ ಒಳಹೋಗುತ್ತದೆ, ಪೂರ್ತಿ ಗಟ್ಟಿಯಾಗದೆ ಉಳಿದ ರಾಸಾಯನಿಕಗಳನ್ನು ಕರಗಿಸುತ್ತದೆ. ಆ ದ್ರಾವಣ ಇನ್ನಷ್ಟು ನೀರನ್ನು ಒಳಗೆಳೆಯುತ್ತದೆ. ಒತ್ತಡ ಹೆಚ್ಚಿ ಮೇಲೆ ಗುಳ್ಳೆ ಏಳುತ್ತದೆ. ಪುಟ್ಟಿಯನ್ನು ವರ್ಷವಿಡೀ ನೀರಿನಲ್ಲೇ ಬಿಡದೆ ದಂಡೆಗೆಳೆದು ಬೋರಲು ಹಾಕಿ ಒಣಗಿಸುವ ಅಂಬಿಗರ ರೂಢಿಯ ಹಿಂದಿನ ವಿಜ್ಞಾನ ಇದು.

ಮಾಡಿ ನೋಡಿ – 1

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅಮ್ಮ, ಅಜ್ಜಿ ಬೆರಳಿನಿಂದ ಬಡಿದು ಸದ್ದು ಕೇಳುತ್ತಾರಲ್ಲ, ಅದೇ ಪರೀಕ್ಷೆ. ದಂಡೆಯ ಮೇಲಿರುವ ಫೈಬರ್ ಪುಟ್ಟಿಯನ್ನು ಒಂದು ನಾಣ್ಯದ ಅಂಚಿನಿಂದ ಅಂಗುಲ ಅಂಗುಲಕ್ಕೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ‘ಟಕ್ ಟಕ್’ ಎಂದು ಚುರುಕಾದ ಸದ್ದು ಬರುತ್ತದೆ. ಪದರ ಬಿಟ್ಟುಕೊಂಡಲ್ಲಿ, ನೀರು ಸೇರಿದಲ್ಲಿ ‘ಡಬ್ ಡಬ್’ ಎಂಬ ಮಂದ ಸದ್ದು ಬರುತ್ತದೆ. ಸದ್ದು ಬದಲಾದಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಕಣ್ಣಿಗೆ ಕಾಣುವ ಬಿರುಕು ಎಷ್ಟು, ಗೆರೆಯೊಳಗಿನ ಜಾಗ ಎಷ್ಟು ಎಂದು ಅಳೆದು ಹೋಲಿಸಿ. ದುರಸ್ತಿ ಮಾಡಬೇಕಾದದ್ದು ಗೆರೆಯೊಳಗಿನ ಪೂರ್ತಿ ಜಾಗ.

ಎಂ-ಸೀಲ್ ಸಾಲದೇ?

ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ: “ಸರ್, ಎಂ-ಸೀಲ್ ಹಚ್ಚಿದ್ರ ಆಗಂಗಿಲ್ಲೇನ್ರಿ?”

ನದಿ ನಡುವೆ ನೀರು ನುಗ್ಗುವಾಗ ದಂಡೆ ಮುಟ್ಟುವ ತನಕ ತೂತು ಮುಚ್ಚಲು ಕೈಗೆ ಸಿಕ್ಕಿದ್ದೆಲ್ಲ ಆಗುತ್ತದೆ. ಆದರೆ ಸೋರಿಕೆ ನಿಲ್ಲುವುದು ಬೇರೆ, ಬಲ ಮರಳುವುದು ಬೇರೆ. ಬಿರುಕಿನಲ್ಲಿ ತುಂಡಾದದ್ದು ಗಾಜಿನ ಎಳೆ, ಭಾರ ಹೊರುತ್ತಿದ್ದದ್ದೂ ಅದೇ. ಬಿರುಕಿಗೆ ಪೇಸ್ಟ್ ತುಂಬಿದರೆ ಎಳೆಗಳು ತುಂಡಾಗಿಯೇ ಉಳಿಯುತ್ತವೆ. ಹೊರಗಿನಿಂದ ನುಣುಪಾಗಿ ಕಾಣುವುದರಿಂದ ಪುಟ್ಟಿ ಸರಿಹೋಯಿತೆಂಬ ಭ್ರಮೆ ಬರುತ್ತದೆ. ಇಂಥ ಪುಟ್ಟಿ ಖಾಲಿ ಇದ್ದಾಗ ಸೋರುವುದಿಲ್ಲ. ಎಂಟು ಜನ ಹತ್ತಿ ತಳ ಬಾಗಿದಾಗ ಬಾಯಿಬಿಡುತ್ತದೆ.

ಇಲ್ಲಿ ಗದ್ವಾಲದ ನೇಕಾರರಿಂದ ಒಂದು ಮಾತು ಕಲಿಯಬಹುದು. ಗದ್ವಾಲ ಸೀರೆಯ ಮೈ ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಅಂಚನ್ನು ಬೇರೆ ನೇಯ್ದು ಹೊಲಿದು ಹಚ್ಚಿದ್ದಲ್ಲ. ನೇಯುವಾಗಲೇ ಎಳೆಗೆ ಎಳೆ ಕೊಂಡಿ ಹಾಕಿ ಬೆಸೆದದ್ದು. ಹಾಗಾಗಿ ಎರಡು ಬೇರೆ ಬೇರೆ ಬಟ್ಟೆ ಒಂದೇ ಸೀರೆಯಂತೆ ಎಳೆತ ತಡೆಯುತ್ತದೆ. ಫೈಬರ್‌ನಲ್ಲಿ ಹಳೆಯ ಎಳೆಗೆ ಹೊಸ ಎಳೆಯನ್ನು ಹೀಗೆ ಕೊಂಡಿ ಹಾಕಲಾಗದು. ಅದರ ಬದಲು ಹೊಸ ಪದರಗಳನ್ನು ಹಳೆಯ ಪದರಗಳ ಮೇಲೆ ಅಗಲವಾಗಿ ಹಾಸಿ, ಭಾರ ಒಂದರಿಂದ ಇನ್ನೊಂದಕ್ಕೆ ದಾಟುವಂತೆ ಮಾಡಬೇಕು. ಇದಕ್ಕೆ ಇರುವ ಉಪಾಯ ಇಳಿಜಾರು.

ಇಳಿಜಾರಿನ ಗಣಿತ

ಪುಟ್ಟಿಯ ತಳ 5 ಮಿ.ಮೀ. ದಪ್ಪ ಎನ್ನೋಣ. ಕೆಟ್ಟ ಭಾಗವನ್ನು ನೇರವಾಗಿ ಕತ್ತರಿಸಿ ಹೊಸ ತುಂಡು ಕೂರಿಸಿದರೆ, 1 ಸೆಂ.ಮೀ. ಉದ್ದದ ಅಂಚಿನಲ್ಲಿ ಹಳೆಯದಕ್ಕೂ ಹೊಸದಕ್ಕೂ ತಾಗುವ ಜಾಗ 0.5 ಚದರ ಸೆಂ.ಮೀ. ಮಾತ್ರ. ಅಂಚನ್ನು 12ಕ್ಕೆ 1ರಂತೆ ಇಳಿಜಾರಾಗಿ ಉಜ್ಜಿದರೆ 5 ಮಿ.ಮೀ. ದಪ್ಪಕ್ಕೆ 60 ಮಿ.ಮೀ. ಇಳಿಜಾರು ಸಿಗುತ್ತದೆ. ಈಗ ತಾಗುವ ಜಾಗ 6 ಚದರ ಸೆಂ.ಮೀ., ಹನ್ನೆರಡು ಪಟ್ಟು. ದೋಣಿ ದುರಸ್ತಿಯವರು ಈ 12ಕ್ಕೆ 1ರ ನಿಯಮವನ್ನು ಪಾಲಿಸುವುದು ಇದಕ್ಕೇ. ತೂತು 10 ಸೆಂ.ಮೀ. ಇದ್ದರೆ ದುರಸ್ತಿಯ ಅಗಲ 6 + 10 + 6 = 22 ಸೆಂ.ಮೀ. ಆಗುತ್ತದೆ.

ಉಜ್ಜುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಮ್ಮೆ ಗಟ್ಟಿಯಾದ ಹಳೆಯ ರೆಸಿನ್ ಹೊಸ ರೆಸಿನ್ ಜೊತೆ ಹೆಚ್ಚು ರಾಸಾಯನಿಕ ಬಂಧ ಕಟ್ಟಿಕೊಳ್ಳುವುದಿಲ್ಲ. ಹೊಸದು ಹಳೆಯದರ ಒರಟು ಮೈಯನ್ನು ಕಚ್ಚಿ ಹಿಡಿಯಬೇಕು, ಅಷ್ಟೇ. ನುಣುಪು, ಜಿಡ್ಡು, ತೇವ ಈ ಮೂರೂ ಶತ್ರುಗಳು. ಆದ್ದರಿಂದ ಕ್ರಮ ಹೀಗೆ: ಮೊದಲು ಪುಟ್ಟಿಯನ್ನು ಪೂರ್ತಿ ಒಣಗಿಸುವುದು, ಜಿಡ್ಡು-ಮೇಣ ಒರೆಸುವುದು, ಆಮೇಲೆ ಉಜ್ಜುವುದು, ಕೊನೆಗೆ ದೂಳು ತೆಗೆದು ಅಸಿಟೋನ್‌ನಿಂದ ಒರೆಸಿ ಆರಲು ಬಿಡುವುದು. ಒರೆಸದೆ ಉಜ್ಜಿದರೆ ಜಿಡ್ಡನ್ನು ನಾವೇ ಗೀರುಗಳೊಳಗೆ ತುಂಬಿದಂತಾಗುತ್ತದೆ.

ರೆಸಿನ್ ಒಣಗುವುದಿಲ್ಲ, ಕ್ರಿಯೆಗೊಳ್ಳುತ್ತದೆ

ಗೋಡೆಯ ಸುಣ್ಣ ಆರುವುದನ್ನು ನೋಡಿ ರೆಸಿನ್ ಕೂಡ ಬಿಸಿಲಿಗೆ ‘ಒಣಗುತ್ತದೆ’ ಎಂದುಕೊಳ್ಳಬೇಡಿ. ಪಾಲಿಯೆಸ್ಟರ್ ರೆಸಿನ್ ಅಂದರೆ ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುವ ಉದ್ದ ಸರಪಳಿಗಳು. ಸರಪಳಿಗಳಲ್ಲೂ ಸ್ಟೈರೀನ್‌ನಲ್ಲೂ ಇಂಗಾಲದ ದ್ವಿಬಂಧಗಳಿವೆ. ಎಂ.ಇ.ಕೆ.ಪಿ. ಎಂಬ ಪೆರಾಕ್ಸೈಡ್ ಬೆರೆಸಿದಾಗ ಅದು ಒಡೆದು ಬಹಳ ಚುರುಕಾದ ತುಣುಕುಗಳಾಗುತ್ತದೆ. ಅವು ದ್ವಿಬಂಧಗಳನ್ನು ಬಿಡಿಸಿ ಸರಪಳಿಗೆ ಸರಪಳಿ ಜೋಡಿಸುತ್ತಾ ಹೋಗುತ್ತವೆ. ಕೊನೆಗೆ ಪೂರ್ತಿ ರೆಸಿನ್ ಒಂದೇ ದೊಡ್ಡ ಬಲೆಯಾಗುತ್ತದೆ. ಹಾಗಾಗಿಯೇ ಗಟ್ಟಿಯಾದ ಮೇಲೆ ಕಾಯಿಸಿದರೂ ಅದು ಮತ್ತೆ ಕರಗುವುದಿಲ್ಲ.

ಅಂಗಡಿಯಲ್ಲಿ ಈ ಎಂ.ಇ.ಕೆ.ಪಿ.ಗೆ ‘ಕ್ಯಾಟಲಿಸ್ಟ್’ ಅಥವಾ ‘ಹಾರ್ಡನರ್’ ಎಂದು ಕೇಳಿದರೆ ಕೊಡುತ್ತಾರೆ. ನಿಮ್ಮ ಪುಸ್ತಕದ ಪ್ರಕಾರ ಕ್ರಿಯಾವರ್ಧಕ ತಾನು ಖರ್ಚಾಗಬಾರದು. ಇದು ಖರ್ಚಾಗುತ್ತದೆ, ಆದ್ದರಿಂದ ಇದನ್ನು ‘ಕ್ರಿಯಾರಂಭಕ’ ಎನ್ನುವುದು ಸರಿ.

ಎಷ್ಟು ಬೇಕು? ಪ್ರತಿ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ರೆಸಿನ್ ಕುಡಿದಾಗ ಸುಮಾರು 1 ಮಿ.ಮೀ. ದಪ್ಪವಾಗುತ್ತದೆ. 5 ಮಿ.ಮೀ.ಗೆ 5 ಪದರ. ಎಲ್ಲವನ್ನೂ 22 × 22 ಸೆಂ.ಮೀ. ಎಂದೇ ಹಿಡಿದರೆ ಮ್ಯಾಟ್ 0.0484 × 450 × 5, ಸುಮಾರು 109 ಗ್ರಾಂ. ಮ್ಯಾಟ್‌ನ ಎರಡು ಪಟ್ಟು ರೆಸಿನ್ ಬೇಕು, ಸುಮಾರು 220 ಗ್ರಾಂ. ಅದಕ್ಕೆ ಶೇ. 1ರಂತೆ ಹಾರ್ಡನರ್ 2.2 ಗ್ರಾಂ. ಸಾಮಾನ್ಯವಾಗಿ ಇದು ಶೇ. 1ರಿಂದ 2ರೊಳಗೆ ಇರುತ್ತದೆ, ಡಬ್ಬಿಯ ಮೇಲಿನ ಅಳತೆಯೇ ಅಂತಿಮ. ಕಣ್ಣಂದಾಜಿನಲ್ಲಿ ಸುರಿದರೆ ಕಡಿಮೆಯಾಗಿ ಹಸಿಯಾಗಿಯೇ ಉಳಿಯುತ್ತದೆ, ಇಲ್ಲವೇ ಹೆಚ್ಚಾಗಿ ಸುಟ್ಟು ಬಿರಿಯುತ್ತದೆ.

ಸುಡುವುದು ಏಕೆ? ಇದು ಬಹಿರುಷ್ಣಕ ಕ್ರಿಯೆ. ತಾಪ ಸುಮಾರು 10 ಡಿಗ್ರಿ ಹೆಚ್ಚಿದರೆ ಕ್ರಿಯೆಯ ವೇಗ ಅಂದಾಜು ಇಮ್ಮಡಿ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬ್ರಷ್ ಅದ್ದುವಷ್ಟರಲ್ಲಿ ರೆಸಿನ್ ಮೊಸರಿನಂತೆ ಗಟ್ಟಿಯಾಗಬಹುದು. ಅದಕ್ಕೇ ಬೆಳಗಿನ ಹೊತ್ತು, ನೆರಳಿನಲ್ಲಿ, ಸ್ವಲ್ಪ ಸ್ವಲ್ಪವೇ ಬೆರೆಸಿ ಕೆಲಸ ಮಾಡುತ್ತಾರೆ. ಆಳವಾದ ಮಗ್‌ನಲ್ಲಿ ತುಂಬಿಟ್ಟ ರೆಸಿನ್‌ಗೆ ಶಾಖ ಬಿಡಲು ಮೇಲ್ಮೈ ಸಾಲದು, ಹೊಗೆಯಾಡುವಷ್ಟು ಕಾಯುತ್ತದೆ. ಅದೇ ರೆಸಿನ್ ಅಗಲ ತಟ್ಟೆಯಲ್ಲಿ ಹರಡಿದ್ದರೆ ತಂಪಾಗಿರುತ್ತದೆ. ಬಿಸಿ ಚಹಾವನ್ನು ಬಸಿಗೆ ಸುರಿದು ಕುಡಿಯುವವರಿಗೆ ಇದು ಗೊತ್ತಿರುವ ವಿಷಯವೇ.

ಮಾಡಿ ನೋಡಿ – 2

ಒಂದು ಬಿಳಿ ಕಾಗದಕ್ಕೆ ಒಂದು ಹನಿ ಅಡುಗೆ ಎಣ್ಣೆ ಹಾಕಿ ಬೆಳಕಿಗೆ ಹಿಡಿಯಿರಿ. ಹನಿ ಬಿದ್ದಲ್ಲಿ ಬೆಳಕು ಹಾಯುತ್ತದೆ. ಕಾಗದದ ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಬಂತು, ಎಣ್ಣೆಯ ವಕ್ರೀಭವನ ಸೂಚ್ಯಂಕ ಎಳೆಯದಕ್ಕೆ ಹತ್ತಿರ, ಆದ್ದರಿಂದ ಬೆಳಕು ಕಡಿಮೆ ಚದುರಿತು. ಬಿಳಿ ಮ್ಯಾಟ್‌ಗೆ ರೆಸಿನ್ ಹಚ್ಚಿದಾಗಲೂ ಹೀಗೆಯೇ. ಚೆನ್ನಾಗಿ ನೆನೆದ ಮ್ಯಾಟ್ ಪಾರದರ್ಶಕದಂತೆ ಕಾಣುತ್ತದೆ, ಬಿಳಿಯಾಗಿ ಉಳಿದ ಚುಕ್ಕೆ ಅಂದರೆ ಒಳಗೆ ಗಾಳಿ ಇದೆ ಎಂದರ್ಥ. ರೋಲರ್ ಒತ್ತಿ ಆ ಗಾಳಿಯನ್ನು ಹೊರಹಾಕಬೇಕು. ಆ ಬಿಳಿ ಚುಕ್ಕೆ ಹಾಗೆಯೇ ಗಟ್ಟಿಯಾದರೆ ಮುಂದಿನ ಒಡಕು ಅಲ್ಲಿಂದಲೇ ಶುರು.

ಕೆಲಸ ಮುಗಿದ ಮೇಲೆ ಮೇಲ್ಮೈ ಅಂಟಂಟಾಗಿರುವುದೂ ಉಂಟು. ಗಾಳಿಯ ಆಮ್ಲಜನಕ ಮೇಲ್ಪದರದ ಕ್ರಿಯೆಯನ್ನು ತಡೆಯುವುದೇ ಇದಕ್ಕೆ ಕಾರಣ. ಕೊನೆಯ ಪದರಕ್ಕೆ ಮೇಣ ಬೆರೆಸಿದ ರೆಸಿನ್ ಬಳಿದರೆ ಗಾಳಿ ತಾಗದೆ ಗಟ್ಟಿಯಾಗುತ್ತದೆ. ಹೊರಮೈಗೆ ಜೆಲ್‌ಕೋಟ್ ಬಳಿದರೆ ನೀರಿನಿಂದಲೂ ಬಿಸಿಲಿನಿಂದಲೂ ರಕ್ಷಣೆ.

ಎಚ್ಚರಿಕೆ – ಇದನ್ನು ಎರಡು ಸಲ ಓದಿ

ರೆಸಿನ್ ಬೆರೆಸುವುದು, ಉಜ್ಜುವುದು ವಿದ್ಯಾರ್ಥಿಗಳ ಕೆಲಸವಲ್ಲ. ತಿಳಿದ ದೊಡ್ಡವರೇ ಮಾಡಬೇಕು. ನೀವು ದೂರ ನಿಂತು ನೋಡಿ. ಆದರೆ ಈ ಕೆಳಗಿನವನ್ನು ಮನೆಯವರಿಗೆ ಓದಿ ಹೇಳಿ.

ಒಂದು: ಕೆಲವು ರೆಸಿನ್‌ಗೆ ಕೋಬಾಲ್ಟ್ ಎಂಬ ನೇರಳೆ ಬಣ್ಣದ ದ್ರಾವಣವನ್ನೂ ಸೇರಿಸಬೇಕಾಗುತ್ತದೆ. ಕೋಬಾಲ್ಟ್ ಮತ್ತು ಎಂ.ಇ.ಕೆ.ಪಿ.ಯನ್ನು ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟವಾಗಬಹುದು. ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಎಂ.ಇ.ಕೆ.ಪಿ. ಹಾಕಬೇಕು. ಎರಡನ್ನೂ ಒಂದೇ ಅಳತೆ ಲೋಟದಲ್ಲಿ ಅಳೆಯಲೂ ಬಾರದು.

ಎರಡು: ಎಂ.ಇ.ಕೆ.ಪಿ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಬೇಕೇ ಬೇಕು. ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಹೋಗಬೇಕು.

ಮೂರು: ಸ್ಟೈರೀನ್, ಅಸಿಟೋನ್ ಆವಿಗಳು ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಬೆಂಕಿಗೂ ಹೊತ್ತಿಕೊಳ್ಳುತ್ತವೆ. ಬಯಲಿನಲ್ಲೇ ಕೆಲಸ ಮಾಡಬೇಕು. ಒಲೆ, ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ.

ನಾಲ್ಕು: ಉಜ್ಜುವಾಗ ಏಳುವ ಗಾಜಿನ ದೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಕೇಡು. ದೂಳು ತಡೆಯುವ ಮಾಸ್ಕ್, ತುಂಬುತೋಳಿನ ಅಂಗಿ, ಕೈಗವಸು ಬೇಕು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು.

ಹತ್ತುವ ಮೊದಲು ಪರೀಕ್ಷೆ

ಮುಟ್ಟಿದರೆ ಗಟ್ಟಿ ಎನಿಸಿದ ದಿನವೇ ಪುಟ್ಟಿಯನ್ನು ನೀರಿಗಿಳಿಸಬಾರದು. ಒಳಗಿನ ಕ್ರಿಯೆ ಕೆಲವು ದಿನ ನಡೆಯುತ್ತಲೇ ಇರುತ್ತದೆ, ಒಂದು ವಾರ ಬಿಡುವುದು ಒಳ್ಳೆಯದು. ಆಮೇಲೆ ನಾಣ್ಯದಿಂದ ಮತ್ತೆ ತಟ್ಟಿ ನೋಡಿ. ಪುಟ್ಟಿಯನ್ನು ಕಲ್ಲುಗಳ ಮೇಲೆ ಎತ್ತರಿಸಿ, ಒಳಗೆ ಒಂದು ಗೇಣು ನೀರು ತುಂಬಿಸಿ, ಹೊರಗೆ ತೇವ ಬರುತ್ತದೆಯೇ ಗಮನಿಸಿ. ಕೊನೆಗೆ ದಂಡೆಯ ಪಕ್ಕದ ಮೊಣಕಾಲುದ್ದದ ನೀರಿನಲ್ಲಿ, ಜನರ ಬದಲು ಮರಳಿನ ಚೀಲ ಹೇರಿ ಅರ್ಧ ದಿನ ಬಿಡಿ. ಎಂಟು ಜನ ಹತ್ತುವ ಪುಟ್ಟಿಯಾದರೆ ಎಂಟು ಜನರ ತೂಕದಷ್ಟು ಮರಳು ಇರಬೇಕು. ಸೋರದಿದ್ದರೆ, ತಳ ಒಂದೇ ಕಡೆ ಬಾಗದಿದ್ದರೆ ದುರಸ್ತಿ ಪಾಸ್.

ಬಿರುಕು ಅಂಚಿನಿಂದ ತಳದವರೆಗೆ ಓಡಿದ್ದರೆ, ತಳ ಕೈಯಿಂದ ಒತ್ತಿದರೆ ಮೆತ್ತಗೆ ಒಳಹೋಗುತ್ತಿದ್ದರೆ, ಅಥವಾ ಮಂದ ಸದ್ದಿನ ಜಾಗ ತಳದ ಬಹುಭಾಗ ಆವರಿಸಿದ್ದರೆ ಮನೆಯಲ್ಲಿ ದುರಸ್ತಿ ಬೇಡ. ದೋಣಿ ಕಟ್ಟುವವರಿಗೇ ತೋರಿಸಬೇಕು. ಮತ್ತು ಪುಟ್ಟಿ ಎಷ್ಟೇ ಗಟ್ಟಿಯಾಗಿದ್ದರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬಾರದು.

ಅಭ್ಯಾಸ

1. ತೂತು ನೀರಿನ ಮಟ್ಟದಿಂದ 5 ಸೆಂ.ಮೀ. ಮಾತ್ರ ಕೆಳಗಿದ್ದರೆ ನೀರು ನುಗ್ಗುವ ವೇಗ ಎಷ್ಟು? 20 ಸೆಂ.ಮೀ. ಇದ್ದಾಗಿನ ವೇಗದ ಅರ್ಧವೋ, ಕಾಲುಭಾಗವೋ? ಏಕೆ?

2. 4 ಮಿ.ಮೀ. ದಪ್ಪದ ತಳದಲ್ಲಿ 8 ಸೆಂ.ಮೀ. ತೂತಿದೆ. 12ಕ್ಕೆ 1ರ ಇಳಿಜಾರಿನಲ್ಲಿ ದುರಸ್ತಿಯ ಒಟ್ಟು ಅಗಲ ಎಷ್ಟು? ಮ್ಯಾಟ್, ರೆಸಿನ್, ಹಾರ್ಡನರ್ ಎಷ್ಟೆಷ್ಟು ಬೇಕು?

3. ಎಂ.ಇ.ಕೆ.ಪಿ.ಯನ್ನು ಕ್ರಿಯಾವರ್ಧಕ ಎಂದು ಕರೆಯುವುದು ಏಕೆ ಸರಿಯಲ್ಲ?

4. ನಿಮ್ಮ ಊರಿನ ಅಂಬಿಗರನ್ನೋ ಮೀನುಗಾರರನ್ನೋ ಭೇಟಿಯಾಗಿ, ಬಿದಿರಿನ ಪುಟ್ಟಿ ಮತ್ತು ಫೈಬರ್ ಪುಟ್ಟಿಯ ಬೆಲೆ, ತೂಕ, ಬಾಳಿಕೆ, ದುರಸ್ತಿಯ ಖರ್ಚು ಕೇಳಿ ಪಟ್ಟಿ ಮಾಡಿ. ಪಟ್ಟಿಯನ್ನು ತರಗತಿಯ ಗೋಡೆಗೆ ಹಚ್ಚಿ ಚರ್ಚಿಸಿ.